ಇಳಕಲ್ ಎಂಬ ಹೆಸರು ಸೇರಿಸಿದೊಡನೆ ಪೈಥಾನ್ ಫೈಲನ್ನು ಓದದೆ ನಿಲ್ಲುತ್ತದೆ

ಪ್ರಶ್ನೆ (ನವನಗರ, ಬಾಗಲಕೋಟೆ)

ಪೈಥಾನ್ ಕಲಿಯಲು ಆರಂಭಿಸಿ ಮೂರು ವಾರಗಳಾದವು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳ ಹೆಸರನ್ನು ನೋಟ್‌ಪ್ಯಾಡಿನಲ್ಲಿ ಸಾಲಿಗೊಂದರಂತೆ ಬರೆದಿಟ್ಟು, ಓಪನ್ ಆಜ್ಞೆಯಿಂದ ತೆರೆದು ತೋರಿಸುವ ಚಿಕ್ಕ ಪ್ರೋಗ್ರಾಮ್ ಬರೆದಿದ್ದೇನೆ. ಮೊದಲು ಫೈಲ್‌ನಾಟ್‌ಫೌಂಡ್ ದೋಷ ಬರುತ್ತಿತ್ತು. ಪ್ರೋಗ್ರಾಮ್ ಮತ್ತು ಫೈಲ್ ಎರಡೂ ಒಂದೇ ಫೋಲ್ಡರಿನಲ್ಲಿದ್ದರೂ ಏಕೆ ಸಿಗಲಿಲ್ಲವೋ ತಿಳಿಯದೆ, ಪೂರ್ಣ ವಿಳಾಸ ಕೊಟ್ಟು ಹೇಗೋ ದಾಟಿದೆ. ಈಗ ಹೊಸ ತೊಡಕು. ಬಾದಾಮಿ, ಬೀಳಗಿ, ಜಮಖಂಡಿ ಎಂಬ ಮೂರೇ ಸಾಲುಗಳಿದ್ದಾಗ ಅರ್ಥವಾಗದ ಚಿಹ್ನೆಗಳಾದರೂ ಕಾಣುತ್ತವೆ. ನಾಲ್ಕನೆಯ ಸಾಲಿನಲ್ಲಿ ಇಳಕಲ್ ಎಂದು ಸೇರಿಸಿದರೆ ಯುನಿಕೋಡ್‌ಡಿಕೋಡ್ ದೋಷ ಬಂದು, 71ನೆಯ ಸ್ಥಾನದಲ್ಲಿರುವ 8ಡಿ ಎಂಬ ಬೈಟನ್ನು ಚಾರ್‌ಮ್ಯಾಪ್ ಬಿಡಿಸಲಾರದು ಎನ್ನುತ್ತದೆ. ನನ್ನ ಫೈಲಿನಲ್ಲಿ 71 ಅಕ್ಷರಗಳೇ ಇಲ್ಲ. ಫೈಲ್ ಕೆಟ್ಟಿರಬಹುದೇ?

ಉತ್ತರ 1 (ಬೆಳಗಾವಿ)

ಓಪನ್ ಆಜ್ಞೆಯಲ್ಲಿ ಎರರ್ಸ್ ಎಂಬುದಕ್ಕೆ ಇಗ್ನೋರ್ ಎಂದು ಕೊಡಿರಿ, ದೋಷ ಬರುವುದಿಲ್ಲ.

ಉತ್ತರ 2 (ವಿಜಯಪುರ)

ಮೇಲಿನ ಸಲಹೆಯಿಂದ ದೋಷದ ಸಂದೇಶ ನಿಲ್ಲುತ್ತದೆ, ಆದರೆ ಕನ್ನಡ ಕಾಣುವುದಿಲ್ಲ. ಬಿಡಿಸಲಾಗದ ಬೈಟನ್ನು (ಕಂಪ್ಯೂಟರ್ ಮಾಹಿತಿಯನ್ನು ಇಡುವ ಚಿಕ್ಕ ಘಟಕ) ಸದ್ದಿಲ್ಲದೆ ಎಸೆದು, ಉಳಿದ ಗೊಂದಲವನ್ನು ಹಾಗೆಯೇ ತೋರಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಫೈಲ್ ಕೆಟ್ಟಿಲ್ಲ. ನೋಟ್‌ಪ್ಯಾಡ್ ಅದನ್ನು ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಉಳಿಸಿದೆ. ನೀವು ಏನನ್ನೂ ಹೇಳದಿದ್ದುದರಿಂದ ಪೈಥಾನ್ ಅದನ್ನು ವಿಂಡೋಸಿನ ಹಳೆಯ 1252 ಕೋಷ್ಟಕದ (ಯಾವ ಬೈಟಿಗೆ ಯಾವ ಅಕ್ಷರ ಎನ್ನುವ ಪಟ್ಟಿ; ದೋಷದಲ್ಲಿನ ಚಾರ್‌ಮ್ಯಾಪ್ ಇದೇ) ಪ್ರಕಾರ ಓದುತ್ತಿದೆ. ಆ 71 ಎಲ್ಲಿಂದ ಬಂತೆಂದು ಎಣಿಸಿ ನೋಡೋಣ, ಏಕೆಂದರೆ ಅದು ಅಕ್ಷರಗಳ ಲೆಕ್ಕವಲ್ಲ, ಸೊನ್ನೆಯಿಂದ ಶುರುವಾಗುವ ಬೈಟುಗಳ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟುಗಳು ಬೇಕು, ಇಳಿ, ಗುಡಿಸುಗಳಿಗೂ ಪ್ರತ್ಯೇಕವಾಗಿ. ಬಾದಾಮಿ ಎಂಬಲ್ಲಿ 6 ಸಂಕೇತಗಳು, ಅಂದರೆ 18 ಬೈಟುಗಳು. ಸಾಲಿನ ಕೊನೆಗೆ ವಿಂಡೋಸ್ 2 ಬೈಟುಗಳನ್ನು ಸೇರಿಸುವುದರಿಂದ 20. ಇದೇ ರೀತಿ ಬೀಳಗಿಗೆ 17, ಜಮಖಂಡಿಗೆ 20, ಒಟ್ಟು 57. ಇಳಕಲ್ ಪದದ 15 ಬೈಟುಗಳು 57ರಿಂದ ಆರಂಭವಾಗಿ ಸರಿಯಾಗಿ 71ಕ್ಕೆ ಮುಗಿಯುತ್ತವೆ. ಕೊನೆಯ ಬೈಟ್ ಲಕಾರವನ್ನು ಅರ್ಧಾಕ್ಷರ ಮಾಡುವ ಚಿಹ್ನೆಯದು. ಅದರ ಮೂರು ಬೈಟುಗಳು, ಹದಿನಾರರ ಎಣಿಕೆಯಲ್ಲಿ ಬರೆದರೆ, ಇ0, ಬಿ3, 8ಡಿ.

1252 ಕೋಷ್ಟಕದಲ್ಲಿ 81, 8ಡಿ, 8ಎಫ್, 90, 9ಡಿ ಎಂಬ ಐದು ಮನೆಗಳು ಖಾಲಿ ಇವೆ. ನಿಮ್ಮ ಮೊದಲ ಮೂರು ಊರುಗಳು ಆ ಮನೆಗಳನ್ನು ಮುಟ್ಟದೆ ಪಾರಾದವು. ಇಳಕಲ್ ಬದಲು ಮುಧೋಳ ಎಂದು ಬರೆದಿದ್ದರೂ ನಿಲ್ಲುತ್ತಿತ್ತು, ಏಕೆಂದರೆ ಉಕಾರದ ಕೊಂಬಿನ ಕೊನೆಯ ಬೈಟ್ 81. ನಿಜ ಹೇಳಬೇಕೆಂದರೆ ಇಳಕಲ್ ನಿಮಗೆ ಉಪಕಾರವನ್ನೇ ಮಾಡಿದೆ. ಮೊದಲ ಮೂರು ಸಾಲುಗಳು ತಪ್ಪಾಗಿಯೇ ಓದಿಸಿಕೊಂಡು ಸುಮ್ಮನಿದ್ದವು.

ಓಪನ್ ಆಜ್ಞೆಯಲ್ಲಿ ಎನ್‌ಕೋಡಿಂಗ್ ಎಂಬುದಕ್ಕೆ ಯುಟಿಎಫ್-8 ಎಂದು ಕೊಡಿ. ಬರೆಯಲು ತೆರೆಯುವಾಗಲೂ ಕೊಡಿ.

ಉತ್ತರ 3 (ಬಾಗಲಕೋಟೆ)

ಮೊದಲ ದೋಷವನ್ನು ದಾಟಿದಿರಿ, ಬಗೆಹರಿಸಲಿಲ್ಲ. ಬರಿಯ ಹೆಸರು ಕೊಟ್ಟಾಗ ಪೈಥಾನ್ ಹುಡುಕುವುದು ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲಿ ಅಲ್ಲ, ಅದನ್ನು ಚಾಲನೆಗೊಳಿಸಿದ ಫೋಲ್ಡರಿನಲ್ಲಿ. ವಿದ್ಯಾಗಿರಿ ಎಂದಷ್ಟೇ ಹೇಳಿದರೆ ಬಾಗಲಕೋಟೆಯ ಆಟೋದವರು ಒಂದು ಕಡೆ ಇಳಿಸುತ್ತಾರೆ, ಧಾರವಾಡದವರು ಇನ್ನೊಂದು ಕಡೆ. ಓಎಸ್ ಮಾಡ್ಯೂಲಿನ ಗೆಟ್‌ಸಿಡಬ್ಲ್ಯುಡಿ ಫಲನವನ್ನು ಮುದ್ರಿಸಿದರೆ ಪೈಥಾನ್ ಎಲ್ಲಿ ನಿಂತಿದೆಯೆಂದು ತಿಳಿಯುತ್ತದೆ. ಅದೂ ಸರಿಯಿದ್ದರೆ ಫೈಲಿನ ಹೆಸರನ್ನು ಅನುಮಾನಿಸಿ: ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಬಾಲವನ್ನು ಅಡಗಿಸುವುದರಿಂದ, ನೀವೂ ಒಂದು ಟಿಎಕ್ಸ್‌ಟಿ ಸೇರಿಸಿ ಎರಡು ಬಾಲಗಳಾಗಿರಬಹುದು.

ಪ್ರಶ್ನೆ ಕೇಳಿದವರಿಂದ

ಪ್ರೋಗ್ರಾಮ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡಿನಲ್ಲಿ ನಾನು ಮೇಲಿನ ಫೋಲ್ಡರನ್ನು ತೆರೆದಿದ್ದೆ, ಹೀಗಾಗಿ ಪೈಥಾನ್ ಅಲ್ಲಿಯೇ ಹುಡುಕುತ್ತಿತ್ತು. ಎನ್‌ಕೋಡಿಂಗ್ ಕೊಟ್ಟ ಮೇಲೆ ಮುಧೋಳ, ಗುಳೇದಗುಡ್ಡ ಎಲ್ಲವೂ ಸರಿಯಾಗಿ ಬಂದವು. ಇಳಕಲ್ ಸಾಲಿನ ಉದ್ದವನ್ನು ಲೆನ್ ಫಲನದಿಂದ ಕೇಳಿದೆ; ಐದರ ಬದಲು 6 ಎಂದಿತು.

ಉತ್ತರ 2 (ವಿಜಯಪುರ)

ಆರನೆಯದು ಸಾಲು ಮುರಿಯುವ ಗುರುತು. ಸ್ಟ್ರಿಪ್‌ನಿಂದ ಅದನ್ನು ತೆಗೆದು ಎಣಿಸಿ, 5 ಬರುತ್ತದೆ.