ಶುಲ್ಕವೋ ಸುಂಕವೋ: ಕಂಪನಿ ನೋಂದಣಿಯ ಎರಡು ಪಾವತಿಗಳಿಗೆ ಯಾವ ಪದ?

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮುಂಬಯಿಯ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಕೆಲಸ ಮಾಡುವ ನಾನು, ಹೊಸದಾಗಿ ಪ್ರೈವೇಟ್ ಲಿಮಿಟೆಡ್ ಕಂಪನಿ ತೆರೆಯಲು ಬರುವ ನಮ್ಮ ಕಡೆಯ ಹೋಟೆಲಿನವರಿಗಾಗಿ ಕನ್ನಡದಲ್ಲಿ ಎರಡು ಪುಟದ ಮಾಹಿತಿಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ, ‘ಅಧಿಕೃತ ಬಂಡವಾಳ 15 ಲಕ್ಷ ರೂಪಾಯಿ ಮೀರದಿದ್ದರೆ ನೋಂದಣಿ ಶುಲ್ಕವಿಲ್ಲ’ ಎಂದು ಬರೆದಿದ್ದೆ (ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಹೊರಡಿಸಬಹುದೋ ಅದೇ ಅಧಿಕೃತ ಬಂಡವಾಳ). 2019ರಿಂದ ಜಾರಿಯಲ್ಲಿರುವ ನಿಯಮ ಅದು, ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಮಾಟುಂಗದ ಹಿರಿಯರೊಬ್ಬರು ಪಾವತಿಯ ಚಲನ್‌ನಲ್ಲಿದ್ದ ಮೊತ್ತದ ಮೇಲೆ ಬೆರಳಿಟ್ಟು, “ಶುಲ್ಕ ಇಲ್ಲಾಂತ ನೀವೇ ಬರೆದಿದ್ದೀರಲ್ಲ ಮಾರಾಯ್ರೆ, ಮತ್ತೆ ಈ ಮುದ್ರಾಂಕ ಶುಲ್ಕ ಯಾವುದು?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ತೊಡಕಿದ್ದುದು ನಾನು ಬಳಸಿದ ಪದದಲ್ಲಿ.

ಹಣ ಒಂದೇ ಜಾಲತಾಣದಲ್ಲಿ, ಒಂದೇ ಸಲಕ್ಕೆ ಸಂದಾಯವಾದರೂ ಇವೆರಡು ಬೇರೆಬೇರೆ. ಮೊದಲನೆಯದು, ಅಂದರೆ ನೋಂದಣಿ ಶುಲ್ಕ, ಕಂಪನಿಯನ್ನು ದಾಖಲಿಸಿಕೊಳ್ಳುವ ಕೆಲಸಕ್ಕಾಗಿ ಕೇಂದ್ರ ಸರ್ಕಾರ ಪಡೆಯುವ ಹಣ. ಎರಡನೆಯದು, ಅಂದರೆ ಮುದ್ರಾಂಕ ಶುಲ್ಕ (ಸ್ಟಾಂಪ್ ಡ್ಯೂಟಿ), ಕಂಪನಿಯ ಉದ್ದೇಶಗಳನ್ನು ಹೇಳುವ ಮೆಮೊರಾಂಡಂ, ಅದರ ಒಳಾಡಳಿತದ ನಿಯಮಗಳನ್ನು ಹೇಳುವ ಆರ್ಟಿಕಲ್ಸ್ ಎಂಬ ದಸ್ತಾವೇಜುಗಳ ಮೇಲೆ ರಾಜ್ಯ ಸರ್ಕಾರ ಹಾಕುವ ತೆರಿಗೆ. ಸಂವಿಧಾನದ ರಾಜ್ಯಪಟ್ಟಿಯ 63ನೆಯ ನಮೂದು ಅದಕ್ಕೆ ಆಧಾರ. ಆದ್ದರಿಂದಲೇ ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಮಹಾರಾಷ್ಟ್ರದಲ್ಲಿ ಆರ್ಟಿಕಲ್ಸ್ ಮೇಲಿನ ಮೊತ್ತ ಬಂಡವಾಳದೊಂದಿಗೆ ಏರುತ್ತದೆ, ಕೇಂದ್ರ ಕೊಟ್ಟ ವಿನಾಯಿತಿ ಅದಕ್ಕೆ ತಗಲುವುದಿಲ್ಲ.

ಇಂಗ್ಲಿಷಿನಲ್ಲಿ ಫೀ, ಡ್ಯೂಟಿ ಎಂಬ ಎರಡು ಪದಗಳು ಕಾಯ್ದುಕೊಳ್ಳುವ ಈ ಅಂತರವನ್ನು ನಮ್ಮ ‘ಶುಲ್ಕ’ ಅಳಿಸಿಬಿಡುತ್ತದೆ. ಇಲ್ಲಿನ ಮರಾಠಿಯೂ ‘ಮುದ್ರಾಂಕ ಶುಲ್ಕ’ ಎಂದೇ ಬರೆಯುವುದರಿಂದ ಅಲ್ಲಿಂದಲೂ ನೆರವು ಸಿಗದು. ಹಾಗೆಂದು ಕನ್ನಡಕ್ಕೆ ಪದದ ಬಡತನವಿಲ್ಲ: ಬೋಧನೆಗೆ, ಪರೀಕ್ಷೆಗೆ ಶುಲ್ಕ ಎನ್ನುವ ನಮ್ಮ ಪತ್ರಿಕೆಗಳು ಆಮದಿಗೆ, ರಫ್ತಿಗೆ ಸುಂಕ ಎನ್ನುತ್ತವೆ. ಸುಂಕ ಶುಲ್ಕದ ತದ್ಭವವೇ ಆದರೂ ‘ಪೆರ್ಜುಂಕ’ (ದೊಡ್ಡ ಸುಂಕ) ಎಂಬಂಥ ಶಾಸನಗಳ ಮಾತಿನಿಂದ ಹಿಡಿದು ‘ಸುಂಕದವನ ಮುಂದೆ ಸುಖದುಃಖ’ ಎಂಬ ಗಾದೆಯವರೆಗೆ ಅದು ಅರಸೊತ್ತಿಗೆಯ ತೆರಿಗೆಯ ಅರ್ಥವನ್ನೇ ಉಳಿಸಿಕೊಂಡು ಬಂದಿದೆ. ತತ್ಸಮ ಒಂದು ದಾರಿ, ತದ್ಭವ ಇನ್ನೊಂದು ದಾರಿ ಹಿಡಿದಿರುವಾಗ ಆ ಅನುಕೂಲವನ್ನು ಬಿಟ್ಟುಕೊಡುವುದು ನನಗೆ ಸರಿಕಾಣದು. ಎರಡನೆಯದನ್ನು ‘ಮುದ್ರಾಂಕ ಸುಂಕ’ ಎಂದು ಬರೆಯುವ ಕಡೆಗೇ ನನ್ನ ಒಲವು.

ಅಳುಕಿರುವುದು ಒಂದೇ. ಕರ್ನಾಟಕದ ನೋಂದಣಿ ಕಚೇರಿಗಳಲ್ಲಿ ‘ಮುದ್ರಾಂಕ ಶುಲ್ಕ’ ಗಟ್ಟಿಯಾಗಿ ನೆಲೆಗೊಂಡಿದೆ. ಊರಿನಲ್ಲಿ ಜಾಗ ಕೊಳ್ಳುವಾಗ ಅದನ್ನೇ ಓದಿದವರಿಗೆ ಇಲ್ಲಿ ಸುಂಕ ಎಂದರೆ ಮೂರನೆಯ ಪಾವತಿಯೊಂದಿದೆ ಎನಿಸೀತು. ‘ಮುದ್ರಾಂಕ ಶುಲ್ಕ’ವನ್ನು ಹಾಗೆಯೇ ಬಿಟ್ಟು ಮೊದಲನೆಯದನ್ನೇ ‘ನೋಂದಣಿ ಫೀಸು’ ಎನ್ನಬಹುದೇ? ಎಲ್ಲರ ಬಾಯಲ್ಲಿರುವುದು ಅದೇ ಪದ.

ಇನ್ನೊಂದು ಕೋರಿಕೆ: ಸ್ಟಾಂಪ್ ಪೇಪರನ್ನು ‘ಛಾಪಾ ಕಾಗದ’ ಎನ್ನುತ್ತಿದ್ದ ಕಾಲದ ಪತ್ರಗಳು ತಮ್ಮ ಮನೆಗಳಲ್ಲಿದ್ದರೆ, ಆ ಕಾಗದದ ಮೇಲಿನ ತೆರಿಗೆಯನ್ನು ಅವು ಯಾವ ಮಾತಿನಿಂದ ಕರೆದಿವೆ ಎಂಬುದನ್ನು ದಯವಿಟ್ಟು ನೋಡಿ ತಿಳಿಸಬೇಕು.