ಪದಚರ್ಚೆ: ಕೋರಂ ಇಲ್ಲದೆ ‘ಮುಂದೂಡಿದ’ ಸಭೆ ಅದೇ ಸಭೆಯೋ, ಬೇರೆ ಸಭೆಯೋ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ‘ಮುಂದೂಡು’ ಅನ್ನುವ ಒಂದು ಪದ ನನ್ನನ್ನು ಸಿಕ್ಕಿಸಿಹಾಕಿದೆ. ಬಲ್ಲವರು ಬಿಡಿಸಿಕೊಡಬೇಕು.

ನಮ್ಮ ಬಡಾವಣೆಯ ಸಂಘದಲ್ಲಿ ನಡಾವಳಿ ಬರೆಯುವ ಕೆಲಸ ನನ್ನದು. ಸದಸ್ಯರು 180 ಜನ. ವಾರ್ಷಿಕ ಸಭೆಗೆ ಐದರಲ್ಲಿ ಒಂದು ಪಾಲು, ಅಂದರೆ 36 ಜನ ಇರಬೇಕು ಅಂತ ಬೈಲಾದಲ್ಲಿದೆ. ಸಭೆ ನಡೆಯಲು ಬೇಕಾದ ಈ ಕನಿಷ್ಠ ಹಾಜರಿಯೇ ಕೋರಂ. ಈ ಸಲ ಬಂದವರು 19. ಅರ್ಧ ಗಂಟೆ ಕಾದೆವು. ಮಂಡಕ್ಕಿ ಮಿರ್ಚಿ ತರಿಸಿದೆವು. ಮಿರ್ಚಿ ವಾಸನೆಗೆ ಇನ್ನಿಬ್ಬರು ಬಂದರು, ಅಷ್ಟೇ. ಅಧ್ಯಕ್ಷರು ‘ಬರ್ಕೊಳಪ್ಪ, ಮುಂದಿನ ಭಾನುವಾರಕ್ಕೆ ಮುಂದೂಡಲಾಗಿದೆ’ ಅಂದರು. ಬರೆದುಕೊಂಡೆ. ಮುಂದಿನ ಭಾನುವಾರ 24 ಜನ ಬಂದರು. ಲೆಕ್ಕಪತ್ರ ಪಾಸಾಯಿತು, ಮೋಟಾರ್ ರಿಪೇರಿಯ ಠರಾವೂ ಆಯಿತು. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ ಅಂತ ಅದೇ ಬೈಲಾದಲ್ಲಿದೆಯಲ್ಲ, ಹಾಗಾಗಿ ನಾನು ನಿಶ್ಚಿಂತೆಯಿಂದಿದ್ದೆ.

ನಮ್ಮಲ್ಲೊಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ನಡಾವಳಿ ಪುಸ್ತಕ ಇಸ್ಕೊಂಡು ಹೋದ ವರ್ಷದ ಪುಟ ತೆಗೆದರು. ಆ ವರ್ಷ ವಿಪರೀತ ಮಳೆ. ಸಭೆಗೆ ಎರಡು ದಿನ ಇರುವಾಗಲೇ ಬೇಡ ಅಂತ ತೀರ್ಮಾನಿಸಿದ್ದೆವು. ಅಲ್ಲೂ ‘ಸಭೆಯನ್ನು ಮುಂದೂಡಲಾಗಿದೆ’ ಅಂತಲೇ ನನ್ನ ಕೈಬರಹ. ಆಮೇಲೆ ಹೊಸ ನೋಟಿಸ್ ಹಂಚಿ, ಮನೆಮನೆಗೆ ಹೋಗಿ ಕರೆದು, 36 ಜನರನ್ನು ಕೂಡಿಸಿಯೇ ಸಭೆ ಮಾಡಿದ್ದು. ಮೇಷ್ಟ್ರು ಕೇಳಿದರು: ‘ಎರಡು ಕಡಿಗೂ ಒಂದೇ ಪದ ಬರ್ದೀಯಲ್ಲೋ ತಮ್ಮಾ. ಆಗ ಮುಂದೂಡಿದ್ದಕ್ಕೆ ಕೋರಂ ಬೇಕಾತು, ಈಗ ಯಾಕ್ ಬ್ಯಾಡ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದು ನೋಡಿದರೆ ತಪ್ಪು ನನ್ನದಷ್ಟೇ ಅಲ್ಲ, ಪದದ್ದೂ ಇದೆ. ಇಂಗ್ಲಿಷಿನಲ್ಲಿ ಸೇರುವ ಮೊದಲೇ ತಾರೀಖು ಬದಲಿಸಿದರೆ ಪೋಸ್ಟ್‌ಪೋನ್. ಸೇರಿದ ಮೇಲೆ ಎದ್ದು ಇನ್ನೊಂದು ದಿನ ಕೂರುತ್ತೇವೆ ಅಂದರೆ ಅಡ್ಜರ್ನ್. ಅಡ್ಜರ್ನ್ ಆದದ್ದು ಅದೇ ಸಭೆ, ನಡುವೆ ದಿನಗಳ ಬಿಡುವು ಅಷ್ಟೇ. ಕನ್ನಡದಲ್ಲಿ ಎರಡೂ ಮುಂದೂಡಿಕೆ. ಪರೀಕ್ಷೆಯನ್ನೂ ಮುಂದೂಡುತ್ತೇವೆ, ಮದುವೆಯನ್ನೂ ಮುಂದೂಡುತ್ತೇವೆ, ಸದನವನ್ನೂ ಮುಂದೂಡುತ್ತೇವೆ.

ಈ ವ್ಯತ್ಯಾಸ ಸುಮ್ನೆ ಪಂಡಿತರ ಜಗಳ ಅಲ್ಲ. 2013ರ ಕಂಪನಿ ಕಾಯ್ದೆಯ 103ನೇ ಸೆಕ್ಷನ್ ನೋಡಿ. ಷೇರುದಾರರ ಸಭೆಯಲ್ಲಿ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ ತಾನಾಗಿಯೇ ಮುಂದಿನ ವಾರದ ಅದೇ ದಿನ, ಅದೇ ಹೊತ್ತು, ಅದೇ ಜಾಗಕ್ಕೆ ಹೋಗುತ್ತದೆ. ನಿರ್ದೇಶಕರು ಬೇರೆ ದಿನವನ್ನೂ ಗೊತ್ತುಮಾಡಬಹುದು. ಅವತ್ತೂ ಅರ್ಧ ಗಂಟೆಯಲ್ಲಿ ಕೋರಂ ಆಗದಿದ್ದರೆ, ಬಂದವರೇ ಕೋರಂ. ಆದರೆ ಸದಸ್ಯರೇ ಒತ್ತಾಯಿಸಿ ಕರೆಸಿದ ಸಭೆಯಾದರೆ ಈ ಅನುಕೂಲ ಇಲ್ಲ. ಅದು ಅಲ್ಲಿಗೇ ರದ್ದು. ಬಾ ಅಂತ ಕರೆದವರೇ ಬರದಿದ್ದರೆ ಇನ್ನೇನು ಮಾಡ್ತಾರೆ! ನಮ್ಮ ಬೈಲಾ ಬರೆದವರು ಇಂಥದ್ದೇ ಯಾವುದೋ ನಿಯಮ ನೋಡಿ ‘ಮುಂದೂಡಿದ ಸಭೆ’ ಅಂತ ಕನ್ನಡ ಮಾಡಿರಬೇಕು.

ಶಾಸನಸಭೆಯ ಕನ್ನಡದಲ್ಲಿ ಏನಾದರೂ ಸಿಗುತ್ತದಾ ಅಂತ ಹುಡುಕಿದೆ. ಸಂವಿಧಾನದ 189ನೇ ವಿಧಿ ಪ್ರಕಾರ ರಾಜ್ಯದ ಸದನಕ್ಕೆ ಹತ್ತು ಜನ ಅಥವಾ ಹತ್ತರಲ್ಲಿ ಒಂದು ಪಾಲು, ಯಾವುದು ಜಾಸ್ತಿಯೋ ಅದು ಕೋರಂ. 224 ಸದಸ್ಯರ ನಮ್ಮ ವಿಧಾನಸಭೆಗೆ 23, 75 ಜನರ ಪರಿಷತ್ತಿಗೆ 10. ಅಷ್ಟು ಜನ ಇಲ್ಲದಿದ್ದರೆ ಸಭಾಧ್ಯಕ್ಷರು ಒಂದೋ ಸದನವನ್ನು ಮುಂದೂಡಬೇಕು, ಇಲ್ಲವೇ ಕೋರಂ ಆಗುವವರೆಗೆ ಕಲಾಪ ನಿಲ್ಲಿಸಿರಬೇಕು. ಇಲ್ಲಿ ಎರಡು ಕ್ರಿಯೆಗೆ ಎರಡು ಪದ ಬಂತು, ಆದರೆ ನನಗೆ ಬೇಕಾದ ಜೋಡಿ ಅದಲ್ಲ. ಇನ್ನೊಂದು ತಮಾಷೆ ಗಮನಿಸಿ. ಅದೇ ಅಡ್ಜರ್ನ್ ಪದ ‘ಮೋಷನ್’ ಜೊತೆ ಬಂದರೆ ನಮ್ಮ ಸದನದಲ್ಲಿ ಅದು ‘ನಿಲುವಳಿ ಸೂಚನೆ’. ಪಟ್ಟಿಯಲ್ಲಿರುವ ಕೆಲಸ ನಿಲ್ಲಿಸಿ ತುರ್ತು ವಿಷಯ ಎತ್ತಿಕೊಳ್ಳಿ ಅನ್ನುವುದು. ಹಾಗೆ ಕನ್ನಡ ಮಾಡಿದವರು ಯಾರೋ, ಅರ್ಥ ಹಿಡಿದು ಮಾಡಿದ್ದಾರೆ.

ಕೋರಂ ಅನ್ನು ಮಾತ್ರ ನಾನು ಮುಟ್ಟುವುದಿಲ್ಲ. ಹಿಂದಿಯವರು ಗಣಪೂರ್ತಿ ಅಂತಾರೆ, ನಮಗೆ ಬೇಡ. ಲ್ಯಾಟಿನ್‌ನಲ್ಲಿ ಅದರ ಅರ್ಥ ‘ಯಾರ ಪೈಕಿ’ ಅಂತ. ಇಂಗ್ಲೆಂಡಿನಲ್ಲಿ ನ್ಯಾಯಾಧಿಕಾರಿಗಳನ್ನು ನೇಮಿಸುವ ಹಳೇ ಆದೇಶಗಳಲ್ಲಿ ‘ಇವರ ಪೈಕಿ ಇಂಥವರೊಬ್ಬರು ಇರಲೇಬೇಕು’ ಅಂತ ಬರುತ್ತಿದ್ದ ಮಾತು. ಹೆಸರು ಹಿಡಿದು ಹೇಳಲು ಇದ್ದ ಪದ ಬರುಬರುತ್ತಾ ತಲೆ ಎಣಿಕೆಗೆ ಬಂತು. ಕೋರಂ ತುಂಬಿತು, ಕೋರಂ ಆಗಲಿಲ್ಲ ಅಂತ ಎಲ್ಲರ ಬಾಯಲ್ಲೂ ಇದೆ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಸೇರಿ ಎದ್ದ ಸಭೆಗೆ ‘ಮುಂದುವರಿದ ಸಭೆ’ ಅಂತ ಬರೆಯೋಣ ಅಂದುಕೊಂಡೆ. ‘ಸಭೆ ಮುಂದುವರಿಯಿತು ಅಂದರೆ ನಿಲ್ಲದೆ ನಡೆಯಿತು ಅಂತಾಗುತ್ತದೆ’ ಅಂದರು ಮೇಷ್ಟ್ರು. ನಿಜ. ವಕೀಲರಾಗಿರುವ ನಮ್ಮ ಭಾವನನ್ನು ಕೇಳಿದೆ. ‘ಕೋರ್ಟಿನಲ್ಲಿ ಇದೆಯಲ್ಲ ಮಾರಾಯ, ವಾಯಿದೆ! ಕೇಸು ಅದೇ, ನಂಬರ್ ಅದೇ, ತಾರೀಖು ಮಾತ್ರ ಬೇರೆ’ ಅಂದರು. ನನಗೆ ಹಿಡಿಸಿತು. ಅಡ್ಜರ್ನ್‌ನ ಅರ್ಥ ಪೂರ್ತಿ ಅದರಲ್ಲಿದೆ. ಆದರೆ ನಮ್ಮ ಸದಸ್ಯರಿಗೆ ವಾಯಿದೆ ಅಂದರೆ ಸಾಲದ ಗಡುವು ನೆನಪಾಗುತ್ತದೆ. ‘ವಾಯಿದೆ ಸಭೆ’ ಅಂತ ನೋಟಿಸ್ ಹಚ್ಚಿದರೆ 19 ಜನರೂ ಬರುವುದು ಅನುಮಾನ.

ಸದ್ಯಕ್ಕೆ ಹೀಗೆ ಮಾಡಿದ್ದೇನೆ. ಸೇರುವ ಮೊದಲೇ ಬದಲಾದರೆ ‘ಮುಂದಕ್ಕೆ ಹಾಕಲಾಗಿದೆ’. ಸೇರಿ ಎದ್ದರೆ ‘ಮುಂದೂಡಲಾಗಿದೆ’, ಪಕ್ಕದಲ್ಲಿ ‘ಇದೇ ಸಭೆ ಇಂಥ ದಿನ ಮತ್ತೆ ಕೂರುತ್ತದೆ’ ಅಂತ ಒಂದು ಸಾಲು. ಆಡುಮಾತಿನಲ್ಲಿ ಈ ಎರಡಕ್ಕೂ ಭೇದ ಇಲ್ಲ, ಗೊತ್ತು. ನಿಮ್ಮ ಊರಿನ ಸಂಘ, ಸೊಸೈಟಿ, ಪಂಚಾಯ್ತಿಯ ಹಳೇ ನಡಾವಳಿ ಪುಸ್ತಕಗಳಲ್ಲಿ ಬೇರೆ ಪದ ಕಂಡಿದ್ದರೆ ಸಾಲು ಸಮೇತ ಕಳಿಸಿ. ‘ಬರಖಾಸ್ತು’ ಅಂತ ಬರೆದದ್ದನ್ನು ನಾನು ನೋಡಿದ್ದೇನೆ, ಆದರೆ ಅದು ಸಭೆ ಮುಗಿಸಿ ಎದ್ದದ್ದಕ್ಕೆ. ಕೋರಂ ಇಲ್ಲದೆ ಎದ್ದದ್ದಕ್ಕೂ ಅದನ್ನೇ ಬಳಸಿದ್ದು ಯಾರಾದರೂ ಕಂಡಿದ್ದೀರಾ?