ರಾಜ್ಯೋತ್ಸವದ ಫೋಟೊ, ವಿಡಿಯೊ: ತೆಗೆಯುವ ಮೊದಲು ಕೇಳೋಣ

4ನೇ ಕ್ರಾಸ್ ನಿವಾಸಿ: ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವಕ್ಕೆ ಫೋಟೊಗ್ರಾಫರ್ ಬುಕ್ ಮಾಡುವ ಮೊದಲು ಒಂದು ಮಾತು. ಗಣೇಶನ ಹಬ್ಬದ ಡ್ಯಾನ್ಸ್ ವಿಡಿಯೊ ನಮ್ಮ ಬಡಾವಣೆ ಸಂಘದ ಫೇಸ್‌ಬುಕ್ ಪೇಜಿಗೆ ಹೋಯಿತು. ಮಕ್ಕಳ ಹೆಸರು, ಕ್ಲಾಸು, ಕ್ರಾಸು ಎಲ್ಲ ಅದರಲ್ಲಿದೆ. ಈಗ ನನ್ನ ಮಗಳ ಫೋಟೊ ಯಾವುದೋ ಟ್ಯೂಷನ್ ಸೆಂಟರಿನ ಪಾಂಪ್ಲೆಟ್ ಮೇಲೆ ಬಂದಿದೆ. ಅವಳು ಅಲ್ಲಿ ಒಂದು ದಿನವೂ ಓದಿಲ್ಲ!

2ನೇ ಕ್ರಾಸ್ ನಿವಾಸಿ: ಮೇಡಂ, ಸ್ಟೇಜ್ ಹತ್ತಿದ ಮೇಲೆ ಫೋಟೊ ತೆಗೆಯದೆ ಇರುತ್ತಾರಾ? ಎಲ್ಲಕ್ಕೂ ಫಾರ್ಮ್ ಅಂದರೆ ಹಬ್ಬದ ಮಜಾನೇ ಹೋಗುತ್ತೆ.

4ನೇ ಕ್ರಾಸ್ ನಿವಾಸಿ: ತೆಗೆಯಲಿ ಸರ್, ಬೇಡ ಅನ್ನಲಿಲ್ಲ. ಅದು ಎಲ್ಲಿಗೆ ಹೋಗುತ್ತೆ ಅನ್ನೋದೇ ನನ್ನ ಪ್ರಶ್ನೆ.

6ನೇ ಕ್ರಾಸ್, ವಕೀಲರು: 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ನಾವು ನಮ್ಮ ಮನೆಯ ನೆನಪಿಗೆ ತೆಗೆದುಕೊಳ್ಳುವ ಫೋಟೊಗೆ ಇದು ಅನ್ವಯಿಸಲ್ಲ. ಸಂಘದ ಪೇಜ್ ಯಾರ ಮನೆಯದೂ ಅಲ್ಲ. ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಅಂದ ಹಾಗೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹಾಕಿದ ಕೇಸಿನಲ್ಲಿ.

1ನೇ ಕ್ರಾಸ್ ನಿವಾಸಿ: ಕಾನೂನು ಹಾಗಿರಲಿ. ಹೋದ ಸಲ ನಮ್ಮ ಅತ್ತೆ ಊಟಕ್ಕೆ ಕೂತಾಗ ಕ್ಯಾಮೆರಾದವರು ಎಲೆ ಮುಂದೆಯೇ ನಿಂತಿದ್ದರು. ಪಂಕ್ತಿಯಲ್ಲಿ ಕೂತವರ ಬಾಯಿ ಶೂಟ್ ಮಾಡಿ ಏನು ಸಿಗುತ್ತೋ! ಅತ್ತೆ ಈ ಸಲ ಊಟಕ್ಕೇ ಬರಲ್ಲ ಅಂತಿದ್ದಾರೆ. ಡ್ರೋನ್ ಬೇರೆ ಟೆರೇಸ್ ಮೇಲೆಲ್ಲ ಸುತ್ತಿತು. ಇನ್ನೊಂದು ವಿಷಯ. ತಾನು ಈ ಏರಿಯಾದಲ್ಲಿರುವುದು ಕೆಲವರಿಗೆ ಗೊತ್ತಾಗಬಾರದು ಅಂತ ಬಾಡಿಗೆಗೆ ಇರುವ ಒಬ್ಬರು ನನ್ನ ಹತ್ತಿರ ಹೇಳಿದರು. ಕಾರಣ ಕೇಳಲಿಲ್ಲ. ಯಾರೂ ಕೇಳಬೇಕಾಗಿಲ್ಲ.

ಕಾರ್ಯದರ್ಶಿ: ಸರಿ, ಹೀಗೆ ಮಾಡೋಣ. ಮಕ್ಕಳ ಹೆಸರು ಬರೆಸುವ ಫಾರ್ಮಿನಲ್ಲೇ ಎರಡು ಪ್ರಶ್ನೆ ಇರಲಿ: ಫೋಟೊ ತೆಗೆಯಬಹುದಾ, ಹೊರಗೆ ಹಾಕಬಹುದಾ? ಶಾಮಿಯಾನದ ಎಡಗಡೆಗೆ ಕ್ಯಾಮೆರಾ ತಿರುಗಿಸುವಂತಿಲ್ಲ, ಬೇಡ ಅನ್ನುವವರು ಅಲ್ಲಿ ಕೂರಲಿ. ಊಟದ ಹತ್ತಿರ ಕ್ಯಾಮೆರಾ ಬೇಡ, ಡ್ರೋನ್ ಬೇಡವೇ ಬೇಡ. ನಮ್ಮನ್ನು ಕೇಳದೆ ಫೋಟೊಗ್ರಾಫರ್ ತನ್ನ ಇನ್‌ಸ್ಟಾಗ್ರಾಂಗೆ ಹಾಕಬಾರದು ಅಂತ ಅಡ್ವಾನ್ಸ್ ಕೊಡುವಾಗಲೇ ಬರೆಸಿಕೊಳ್ಳುತ್ತೇನೆ.

2ನೇ ಕ್ರಾಸ್ ನಿವಾಸಿ: ಗ್ರೂಪ್ ಡ್ಯಾನ್ಸ್‌ನಲ್ಲಿ ಒಂದು ಮಗುವಿಗೆ ಮಾತ್ರ ಬೇಡ ಅಂದರೆ? ಹಿಂದಿನ ಸಾಲಿನಲ್ಲಿ ನಿಲ್ಲಿಸೋಣವಾ?

4ನೇ ಕ್ರಾಸ್ ನಿವಾಸಿ: ಬೇಡ ಸರ್, ಆ ಮಗು ಏನು ತಪ್ಪು ಮಾಡಿತು? ಮುಂದೆಯೇ ಕುಣಿಯಲಿ. ಆ ಡ್ಯಾನ್ಸಿನ ವಿಡಿಯೊ ಹೊರಗೆ ಹಾಕದಿದ್ದರೆ ಆಯಿತು.

2ನೇ ಕ್ರಾಸ್ ನಿವಾಸಿ: ಅದೂ ಸರಿನೇ. ಮೈಕಿನಲ್ಲಿ ಅನೌನ್ಸ್ ಮಾಡುವ ಕೆಲಸ ನನಗಿರಲಿ.

1ನೇ ಕ್ರಾಸ್ ನಿವಾಸಿ: ಮೂರನೇ ಕ್ರಾಸ್‌ವರೆಗೆ ಮನೆಮನೆಗೆ ಫಾರ್ಮ್ ನಾನು ಕೊಡುತ್ತೇನೆ. ಅಂಕಲ್, ಗಣೇಶನ ಹಬ್ಬದ ವಿಡಿಯೊ ಇನ್ನೂ ಪೇಜಿನಲ್ಲಿದೆ ಅಲ್ವಾ?

ಕಾರ್ಯದರ್ಶಿ: ಪಾಸ್‌ವರ್ಡ್ ಹಳೇ ಖಜಾಂಚಿ ಹತ್ತಿರ ಇದೆ. ಅವರ ಮನೆಗೇ ಹೊರಟಿದ್ದೇನೆ.